ಮನೆ ಬಿಡಬೇಕಾದವರು ಯಾರು?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆಸುಪಾಸಿನಲ್ಲಿ ಮನೆ ಕಟ್ಟಲು ಹೊರಟವರನ್ನು ಕೇಳಿ ನೋಡಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಆ ಗೆರೆ ನೆಲದ ಮೇಲೆ ಕಾಣುವುದಿಲ್ಲ, ಆದರೂ ಅದು ಎಲ್ಲಿ ಹಾದುಹೋಗುತ್ತದೆಂಬುದು ಊರಿನ ಗಾರೆ ಕೆಲಸದವರಿಗೂ ಗೊತ್ತು. ಬೇಲೂರಿನ ಚೆನ್ನಕೇಶವ ದೇವಾಲಯದ ಸುತ್ತಲೂ ಅದೇ ನಿಯಮ. 2023ರ ಸೆಪ್ಟೆಂಬರಿನಲ್ಲಿ ಈ ಎರಡು ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂದಿನಿಂದ ಆ ಗೆರೆಯ ಬಗ್ಗೆ ಊರಿನಲ್ಲಿ ಮಾತು ಇನ್ನಷ್ಟು ಹೆಚ್ಚಿದೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಒಡೆದರೆ ಮತ್ತೆ ಮಾಡಲಾಗದ ವಸ್ತುವಿನ ಸುತ್ತ ಗೆರೆ ಎಳೆಯಬೇಕಾದುದೇ.

ಪ್ರಿಯ ಓದುಗರೇ, ಇಂಥದೇ ಒಂದು ಗೆರೆಯನ್ನು ಮಗುವೊಂದರ ಸುತ್ತಲೂ ಎಳೆಯುವುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಅವಕಾಶವಿದೆಯೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಮಗುವಿಗೆ ಹಿಂಸೆ ಕೊಟ್ಟವನು ಆ ಮಗು ಮಲಗುವ ಮನೆಯೊಳಗೆ ಕಾಲಿಡಬಾರದು, ಆ ಮಗು ಓದುವ ಶಾಲೆಯ ಬಳಿ ಸುಳಿಯಬಾರದು, ಯಾರ ಮೂಲಕವೂ ಅದನ್ನು ಮಾತನಾಡಿಸಬಾರದು ಎಂದು ನ್ಯಾಯಾಲಯ ಆಜ್ಞಾಪಿಸಬಹುದು. ಆ ಆಜ್ಞೆಯನ್ನು ಕೊಡಬಲ್ಲ ನ್ಯಾಯಾಲಯ ಅರಸೀಕೆರೆಯಲ್ಲಿದೆ, ಬೇಲೂರಿನಲ್ಲಿದೆ. ಅದನ್ನು ಕೇಳಲು ಹಾಸನಕ್ಕೂ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಹೋಗಬೇಕಾಗಿಲ್ಲ. ಆದರೂ ನಾವು ಅದನ್ನು ಕೇಳುವುದಿಲ್ಲ. ಮಗುವನ್ನು ಮನೆಯಿಂದ ಹೊರಗೆ ಕಳುಹಿಸುತ್ತೇವೆ, ಹಿಂಸಿಸಿದವನನ್ನು ಮನೆಯಲ್ಲೇ ಬಿಡುತ್ತೇವೆ. ಇದಕ್ಕೆ ರಕ್ಷಣೆ ಎಂದು ಹೆಸರಿಡುತ್ತೇವೆ. ಈ ಹೆಸರಿನ ಮೇಲೆಯೇ ನನ್ನ ಜಗಳ.

ಈ ಜಗಳದಲ್ಲಿ ಮೊದಲ ಆರೋಪಿ ನಾನೇ. 2010ರ ಆಸುಪಾಸಿನ ಮಾತು. ಊರಿನ ಹೆಸರು ಬೇಡ. ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ನಮ್ಮ ಐದಾರು ಜನರನ್ನು ಕರೆಸಿ, ತಮ್ಮ ಶಾಲೆಯ ಒಬ್ಬ ಹುಡುಗಿಯ ವಿಷಯವನ್ನು ತಗ್ಗಿದ ದನಿಯಲ್ಲಿ ಹೇಳಿದರು. ಮನೆಯೊಳಗಿನವನೇ ಅಪರಾಧಿ. ತಾಯಿ ಕೂಲಿ ಮಾಡುವವಳು. ಅವಳಿಗೆ ವಿಷಯ ಗೊತ್ತಿತ್ತು, ಬಾಯಿ ಬರಲಿಲ್ಲ. ನಾವು ಒಂದು ಗಂಟೆಯೊಳಗೆ ತೀರ್ಮಾನ ಮಾಡಿದೆವು. ದೂರದ ಒಂದು ವಸತಿನಿಲಯದಲ್ಲಿ ಸ್ಥಳ ಕೇಳಿದೆವು, ಟ್ರಂಕು, ಹಾಸಿಗೆ, ಎರಡು ಜೊತೆ ಬಟ್ಟೆ ಕೊಡಿಸಿದೆವು. ಶಿಫಾರಸು ಪತ್ರಕ್ಕೆ ನಾನೂ ಸಹಿ ಹಾಕಿದೆ. ಒಂದು ಮಗುವನ್ನು ಉಳಿಸಿದೆವೆಂಬ ತೃಪ್ತಿಯಿಂದ ಮನೆಗೆ ಬಂದು ಊಟ ಮಾಡಿದೆ. ಕ್ರಿಸ್ತಜಯಂತಿಯ ರಜೆಯಲ್ಲಿ ಉಳಿದ ಹುಡುಗಿಯರೆಲ್ಲ ಮನೆಗೆ ಹೋದಾಗ ಆಕೆ ಮಾತ್ರ ವಸತಿನಿಲಯದಲ್ಲಿ ಉಳಿದಳೆಂದು ಕೇಳಿದಾಗಲೂ, ಏನು ಮಾಡುವುದು, ಹಾಗೆಯೇ ಆಗಬೇಕು ಎಂದುಕೊಂಡೆ. ಆಕೆಗೆ ಎರಡು ವರ್ಷ ಚಿಕ್ಕವಳಾದ ತಂಗಿಯೊಬ್ಬಳಿದ್ದಳು. ಆ ತಂಗಿಯ ಹೆಸರು ನಮ್ಮ ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ. ಮೂರು ವರ್ಷಗಳ ಮೇಲೆ ತಂಗಿಯನ್ನೂ ಅದೇ ವಸತಿನಿಲಯಕ್ಕೆ ತಂದು ಬಿಟ್ಟರು. ಕಾರಣವನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ನಾವು ಆ ಕೋಣೆಯಲ್ಲಿ ಕುಳಿತಿದ್ದಾಗ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ ಜಾರಿಗೆ ಬಂದು ನಾಲ್ಕು ವರ್ಷವಾಗಿತ್ತು. ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಗಂಡನ ಹೊಡೆತ ತಿಂದ ಹೆಂಡತಿಗೆ ಮಾತ್ರ ಸಂಬಂಧಿಸಿದ ಕಾನೂನೆಂದು ನಾವು ತಿಳಿದಿದ್ದೆವು. ಇಂದಿಗೂ ಬಹಳ ಜನರು, ಕೆಲವು ವಕೀಲರೂ ಸೇರಿ, ಹಾಗೆಯೇ ತಿಳಿದಿದ್ದಾರೆ.

ಈಗ ಕಾನೂನನ್ನು ಸ್ವಲ್ಪ ಬಿಡಿಸಿ ನೋಡೋಣ. ಹಿಂಸೆಗೊಳಗಾದ ಮಗುವಿನ ವಿಷಯದಲ್ಲಿ ನಮಗೆ ತಟ್ಟನೆ ಹೊಳೆಯುವ ಸಂಸ್ಥೆ ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಅಧಿನಿಯಮದ ಪ್ರಕಾರ ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆಯಿರಬೇಕು. ಅದಕ್ಕೆ ಪ್ರಥಮ ದರ್ಜೆ ದಂಡಾಧಿಕಾರಿಯ ಅಧಿಕಾರವಿದೆ. ಪಾಲನೆ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಯೊಳಗೆ ಅದರ ಮುಂದೆ ಹಾಜರುಪಡಿಸಬೇಕು, 15 ದಿನದೊಳಗೆ ಸಾಮಾಜಿಕ ತನಿಖೆ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕು. ಎಲ್ಲವೂ ಒಳ್ಳೆಯ ಮಾತೇ. ಆದರೆ ಆ ಅಂತಿಮ ಆದೇಶದಲ್ಲಿ ಸಮಿತಿ ಏನೇನು ಹೇಳಬಹುದೆಂದು 37ನೆಯ ಪ್ರಕರಣವನ್ನು ಓದಿದರೆ ನಿಮಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮಗುವನ್ನು ತಂದೆತಾಯಿಗೆ ಒಪ್ಪಿಸಬಹುದು, ಬಾಲಮಂದಿರದಲ್ಲಿ ಇರಿಸಬಹುದು, ಯೋಗ್ಯ ವ್ಯಕ್ತಿಯ ವಶಕ್ಕೆ ಕೊಡಬಹುದು, ಸಾಕುಕುಟುಂಬಕ್ಕೆ ಕಳುಹಿಸಬಹುದು, ಪ್ರಾಯೋಜಕತ್ವದ ನೆರವು ಕೊಡಿಸಬಹುದು. ಎಲ್ಲ ಆದೇಶಗಳೂ ಮಗುವನ್ನು ಕುರಿತವೇ. ಮಗುವನ್ನು ಎಲ್ಲಿ ಇರಿಸಬೇಕೆಂಬುದನ್ನು ಸಮಿತಿ ಹೇಳಬಲ್ಲದು. ಹಿಂಸಿಸಿದವನಿಗೆ ‘ನೀನು ಈ ಮನೆಯಿಂದ ಹೊರಡು’ ಎಂದು ಹೇಳುವ ಅಧಿಕಾರ ಆ ಪ್ರಕರಣದಲ್ಲಿ ಇಲ್ಲ.

ಸಮಿತಿಯ ಸದಸ್ಯರನ್ನು ನಾನು ದೂರುತ್ತಿಲ್ಲ. ಕೈಯಲ್ಲಿರುವ ಉಪಕರಣದಿಂದ ಅವರು ಕೆಲಸ ಮಾಡುತ್ತಾರೆ. ಅದೇ ಕಾನೂನಿನ 3ನೆಯ ಪ್ರಕರಣದಲ್ಲಿ, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂಬ ತತ್ತ್ವವನ್ನೂ ಬರೆದಿದ್ದಾರೆ. ಆದರೆ ಅಪರಾಧಿ ಮನೆಯಲ್ಲೇ ಕುಳಿತಿರುವಾಗ, ಮಗುವನ್ನು ಆ ಮನೆಗೆ ಕಳುಹಿಸಲು ಯಾವ ಸಮಿತಿಗೆ ತಾನೇ ಮನಸ್ಸು ಬಂದೀತು? ಹೀಗೆ ಕಟ್ಟಕಡೆಯ ಉಪಾಯವೇ ಮೊದಲನೆಯದಾಗುತ್ತದೆ. ಅರಸೀಕೆರೆಯಿಂದಾಗಲಿ ಬೇಲೂರಿನಿಂದಾಗಲಿ ಹಾಸನ ಸುಮಾರು 40 ಕಿಲೋಮೀಟರ್. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು ಮಗುವನ್ನು ನೋಡಲು ಹೋಗುವ ತಾಯಿ ಎಷ್ಟು ಸಲ ಹೋದಾಳು? ಮಗುವಿಗೆ ಶಾಲೆ ತಪ್ಪುತ್ತದೆ, ಗೆಳತಿಯರು ತಪ್ಪುತ್ತಾರೆ, ಅಜ್ಜಿಯ ಮಡಿಲು ತಪ್ಪುತ್ತದೆ. ತಪ್ಪು ಮಾಡಿದವರನ್ನು ಊರು ಬಿಡಿಸುತ್ತಾರೆಂದು ತಿಳಿದು ಬೆಳೆದ ಮಗು, ಬಿಟ್ಟುಹೋದವಳು ತಾನೇ ಎಂಬುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಆ ಇನ್ನೊಂದು ಉಪಕರಣ 2005ರ ಕೌಟುಂಬಿಕ ಹಿಂಸೆಯ ಕಾನೂನಿನಲ್ಲಿದೆ. ಅದು ಜಾರಿಗೆ ಬಂದುದು 2006ರ ಅಕ್ಟೋಬರ್ 26ರಂದು. 18 ವರ್ಷ ತುಂಬದವರು ಮಗು ಎಂದು ಅದರ ಆರಂಭದಲ್ಲೇ ವ್ಯಾಖ್ಯೆಯಿದೆ. ದತ್ತು ಮಗು, ಮಲಮಗು, ಸಾಕುಮಗು ಎಲ್ಲವೂ ಸೇರಿವೆ. ಸಂರಕ್ಷಣಾ ಆದೇಶವನ್ನು ಕುರಿತ 18ನೆಯ ಪ್ರಕರಣವಂತೂ ನೊಂದವಳು ಮಗುವಾಗಿದ್ದರೆ ಪ್ರತಿವಾದಿ ಅವಳ ಶಾಲೆಯನ್ನಾಗಲಿ ಅವಳು ಪದೇ ಪದೇ ಹೋಗುವ ಇತರ ಸ್ಥಳವನ್ನಾಗಲಿ ಪ್ರವೇಶಿಸದಂತೆ ತಡೆಯಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಬರೆದವರ ಕಣ್ಣ ಮುಂದೆ ಶಾಲೆಗೆ ಹೋಗುವ ಹುಡುಗಿಯಿದ್ದಳು; ಮರೆತವರು ನಾವು. 19ನೆಯ ಪ್ರಕರಣದಲ್ಲಿ ವಾಸದ ಆದೇಶವಿದೆ. ಅದರಡಿ ನ್ಯಾಯಾಧೀಶರು ಪ್ರತಿವಾದಿಯಾದ ಪುರುಷನಿಗೆ ಆ ಮನೆಯನ್ನು ಬಿಟ್ಟು ಹೊರಡುವಂತೆ ಹೇಳಬಹುದು, ಮತ್ತೆ ಒಳಗೆ ಬಾರದಂತೆ ನಿರ್ಬಂಧಿಸಬಹುದು, ಹತ್ತಿರದ ಠಾಣೆಯ ಅಧಿಕಾರಿಗೆ ರಕ್ಷಣೆ ಕೊಡುವಂತೆ ಸೂಚಿಸಬಹುದು. ಮನೆ ಯಾರ ಹೆಸರಿನಲ್ಲಿದೆಯೆಂಬುದು ಇಲ್ಲಿ ಕೊನೆಯ ಮಾತಲ್ಲ. ಪ್ರತಿವಾದಿ ತಂದೆಯೇ ಆಗಬೇಕೆಂದೂ ಇಲ್ಲ. ಮಲತಂದೆ, ಚಿಕ್ಕಪ್ಪ, ಅವಿಭಕ್ತ ಕುಟುಂಬದಲ್ಲಿ ಜೊತೆಗಿರುವ ಯಾರೇ ಆಗಬಹುದು.

ತಾಯಿಗೆ ಬಾಯಿ ಬರದಿದ್ದರೆ? ಅದಕ್ಕೂ ದಾರಿಯಿದೆ. 12ನೆಯ ಪ್ರಕರಣದ ಪ್ರಕಾರ ನೊಂದವರ ಪರವಾಗಿ ಸಂರಕ್ಷಣಾಧಿಕಾರಿ ಅಥವಾ ಬೇರೆ ಯಾವ ವ್ಯಕ್ತಿಯಾದರೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯರೆಲ್ಲರಿಗೂ ಆ ಕಚೇರಿ ಗೊತ್ತು. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ನಡೆಯಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥವಾಗಬೇಕು. ಅಪಾಯ ಸಮೀಪದಲ್ಲಿದ್ದರೆ ಎದುರು ಪಕ್ಷವನ್ನು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟಿಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಲ್ಲ.

ಬೇಲೂರು ಸೀಮೆಯ ಕಾಫಿ ತೋಟದ ಒಂದು ಲೈನ್ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಕೋಣೆ, ಮುಂದೊಂದು ಜಗುಲಿ, ಗೋಡೆಯಾಚೆ ಇನ್ನೊಂದು ಸಂಸಾರ. ಮನೆ ತೋಟದವರದು. ಕೂಲಿ ಗಂಡಹೆಂಡಿರಿಬ್ಬರದೂ. ಗಂಡನ ಮೇಲೆ ದೂರು ಕೊಟ್ಟರೆ ರೈಟರು ಲೆಕ್ಕ ಮುಗಿಸಿ ಇಡೀ ಸಂಸಾರವನ್ನೇ ಖಾಲಿ ಮಾಡಿಸುತ್ತಾರೆಂಬ ಭಯ ಆ ಹೆಣ್ಣುಮಗಳಿಗೆ. ಹೊರಗಿನ ರಾಜ್ಯದಿಂದ ಕೆಲಸಕ್ಕೆ ಬಂದವಳಾದರೆ ಹೋಗಲು ತವರೂ ಹತ್ತಿರವಿಲ್ಲ. ಇಂಥ ಕಡೆ ‘ಮಗುವನ್ನು ಹಾಸ್ಟೆಲಿಗೆ ಸೇರಿಸಿ’ ಎಂಬ ಸಲಹೆ ಎಲ್ಲರಿಗೂ ಅನುಕೂಲ: ತೋಟಕ್ಕೆ ಆಳು ತಪ್ಪುವುದಿಲ್ಲ, ಗಂಡನಿಗೆ ಮನೆ ತಪ್ಪುವುದಿಲ್ಲ, ಊರಿಗೆ ಗದ್ದಲ ತಪ್ಪುತ್ತದೆ. ಆದರೆ ಅವನೊಬ್ಬನನ್ನೇ ಹೊರಗಿಡುವ ಆದೇಶ ಕೈಯಲ್ಲಿದ್ದರೆ ಆ ತಾಯಿ ರೈಟರ ಮುಂದೆ ನಿಂತು ಮಾತನಾಡುವ ರೀತಿಯೇ ಬೇರೆಯಾಗುತ್ತದೆ. ಅದೇ ಕಾನೂನಿನ 20ನೆಯ ಪ್ರಕರಣದಡಿ ಮಕ್ಕಳ ಜೀವನಾಂಶವನ್ನೂ ಕೇಳಬಹುದು. ಲೈಂಗಿಕ ಅಪರಾಧವಾಗಿದ್ದರೆ 2020ರ ಪೋಕ್ಸೊ ನಿಯಮಗಳ ಪ್ರಕಾರ ಆಹಾರ, ಬಟ್ಟೆ, ಪ್ರಯಾಣದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿ, ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಸಿಗಬೇಕು. ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರವನ್ನೂ ಕೊಡಿಸಬಹುದು. ಅನ್ನದ ಚಿಂತೆಯನ್ನು ಬದಿಗಿಟ್ಟು ತಾಯಿಗೆ ಧೈರ್ಯದ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೂ ಅಂಥ ಉಪದೇಶ ಮಾಡಿದವನೇ.

ಈ ಕಾನೂನು ಎಲ್ಲವನ್ನೂ ಮುಚ್ಚುವ ಕಂಬಳಿಯಲ್ಲ. ಅದು ಒಂದೇ ಸೂರಿನಡಿ ಬಾಳುವವರ, ಬಾಳಿದವರ ನಡುವಿನ ಹಿಂಸೆಗೆ ಮಾತ್ರ ಅನ್ವಯಿಸುತ್ತದೆ. ನೆರೆಮನೆಯವನು, ಟ್ಯೂಷನ್ ಹೇಳುವವನು, ವ್ಯಾನಿನ ಚಾಲಕ ಅಪರಾಧಿಯಾದರೆ ಅದು ಒದಗುವುದಿಲ್ಲ. ಗಂಡುಮಗು ತಾನೇ ಅರ್ಜಿದಾರನಾಗಲಾರ; ತಾಯಿಯ ಅರ್ಜಿಯಲ್ಲಿ, ಅವಳ ಅವಲಂಬಿತನೆಂದು ಅವನಿಗೂ ರಕ್ಷಣೆ ಕೇಳಬೇಕು. ಗಂಡುಮಕ್ಕಳಿಗೆ ಇಂಥ ಹಿಂಸೆಯಾಗುವುದಿಲ್ಲವೆಂಬ ಭ್ರಮೆ ಯಾರಿಗಾದರೂ ಇದ್ದರೆ, ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಅದರಲ್ಲಿ ಮಾತನಾಡಿಸಿದ ಮಕ್ಕಳಲ್ಲಿ ಶೇಕಡ 53.22ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆಯನ್ನು ಕಂಡಿದ್ದೆವೆಂದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ. ಮನೆಯ ಹೊರಗಿನ ಅಪರಾಧಿಯ ವಿಷಯದಲ್ಲಿ ನಾವು ನೆಚ್ಚಬೇಕಾದುದು ಜಾಮೀನಿನ ಷರತ್ತುಗಳನ್ನು. ಅಲ್ಲದೆ 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಗೀಕರಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯೂ ಇದೆ. ಆದರೆ ಜಾಮೀನಿನ ದಿನ ಮಗುವಿನ ಪರವಾಗಿ ಯಾರೂ ನ್ಯಾಯಾಲಯಕ್ಕೆ ಹೋಗದಿದ್ದರೆ ಷರತ್ತನ್ನು ಕೇಳುವವರು ಯಾರು?

ಇದಿಷ್ಟು ಕಾನೂನಿನ ಮಾತಾಯಿತು. ನಮ್ಮನ್ನು ನಿಜವಾಗಿ ತಡೆಯುವುದು ಕಾನೂನಿನ ಅಜ್ಞಾನವೊಂದೇ ಅಲ್ಲವೆಂದು ನನಗೆ ಅನ್ನಿಸುತ್ತದೆ. ಬಾಲ್ಯವಿವಾಹವನ್ನು ನೋಡಿ. ಮದುವೆ ನಿಲ್ಲಿಸಲು ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದೆಂಬುದು ಈಗ ಹಳ್ಳಿಯ ಹುಡುಗಿಯರಿಗೂ ಗೊತ್ತು. ಚಪ್ಪರದ ಮುಂದೆ ಜೀಪು ನಿಂತುದನ್ನು ಅವರು ನೋಡಿದ್ದಾರೆ. ಆ ತಡೆಯಾಜ್ಞೆಯನ್ನು ಕೊಡುವುದೂ ಇದೇ ದರ್ಜೆಯ ನ್ಯಾಯಾಲಯ. ಅದನ್ನು ಕಲಿತವರು ಇದನ್ನು ಕಲಿಯಲಾರರೆ? ಕಲಿಯಬಲ್ಲರು. ಆದರೆ ಮದುವೆ ನಿಲ್ಲಿಸುವುದು ಚಪ್ಪರದಲ್ಲಿ ನಡೆಯುವ ಕೆಲಸ, ಇದು ಬಾಗಿಲು ಹಾಕಿದ ಕೋಣೆಯೊಳಗಿನ ಮಾತು. ಬಾಗಿಲು ತೆರೆದರೆ ‘ಸಂಸಾರ ಒಡೆಯುತ್ತದೆ’ ಎನ್ನುತ್ತೇವೆ. ಆ ಸಂಸಾರ ಒಡೆದಾಗಿದೆ, ಸ್ವಾಮಿ. ಒಡೆದವನು ಒಳಗೇ ಇದ್ದಾನೆ.

‘ಸುಳ್ಳು ದೂರು ಕೊಟ್ಟರೆ?’ ಎಂಬುದು ಎರಡನೆಯ ಪ್ರಶ್ನೆ. ಆಸ್ತಿಯ ಜಗಳದಲ್ಲಿ, ಗಂಡಹೆಂಡಿರ ವ್ಯಾಜ್ಯದಲ್ಲಿ ಮಗುವನ್ನು ಮುಂದೆ ತಳ್ಳುವವರಿಲ್ಲವೆಂದು ನಾನು ಹೇಳಲಾರೆ. ಆದರೆ ಸಂರಕ್ಷಣಾ ಆದೇಶವೆಂದರೆ ಶಿಕ್ಷೆಯಲ್ಲ. ಅದು ಯಾರನ್ನೂ ಅಪರಾಧಿಯೆಂದು ಘೋಷಿಸುವುದಿಲ್ಲ. ಎರಡೂ ಕಡೆಯವರನ್ನು ಕೇಳಿದ ಮೇಲೆ ಅಥವಾ ಸನ್ನಿವೇಶ ಬದಲಾದ ಮೇಲೆ ಅದನ್ನು ಮಾರ್ಪಡಿಸಲು, ರದ್ದುಪಡಿಸಲು ಅವಕಾಶವಿದೆ. ಒಬ್ಬ ನಿರಪರಾಧಿ ಕೆಲವು ವಾರ ಬೇರೆ ಮನೆಯಲ್ಲಿ ಮಲಗಬೇಕಾದ ಕಷ್ಟವನ್ನೂ, ಒಂದು ಮಗು ಅದೇ ಕೋಣೆಯಲ್ಲಿ ಇನ್ನೊಂದು ರಾತ್ರಿ ಮಲಗಬೇಕಾದ ಕಷ್ಟವನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ನನಗಂತೂ ತಕ್ಕಡಿ ಎತ್ತ ಬಾಗುತ್ತದೆಂಬ ಬಗ್ಗೆ ಸಂದೇಹವಿಲ್ಲ.

ಇನ್ನು ರಾಜಿ. ನಮ್ಮ ಕಡೆ ಇಂಥ ವಿಷಯಗಳನ್ನು ಮುಗಿಸುವ ಜಾಗಗಳು ಬೇರೆಯೇ ಇವೆ: ಅರಳಿಕಟ್ಟೆ, ಕೊಬ್ಬರಿ ಮಂಡಿಯ ಹಿಂದಿನ ಕೋಣೆ, ಮುಖಂಡರ ಮನೆಯ ಜಗುಲಿ, ಕೆಲವೊಮ್ಮೆ ದೇವಾಲಯದ ಪಕ್ಕದ ಸಭಾಂಗಣ. ಒಂದಿಷ್ಟು ಹಣ, ಒಂದು ಕ್ಷಮೆಯ ಮಾತು, ಮಗುವಿಗೆ ಬೇರೆ ಊರಿನ ಶಾಲೆ. ರಾಜಸ್ಥಾನದಲ್ಲಿ ಶಾಲಾ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಮೊಕದ್ದಮೆಯನ್ನು, ತಂದೆಯೊಡನೆ ರಾಜಿಯಾಯಿತೆಂಬ ಕಾರಣಕ್ಕೆ ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಇಂಥ ಅಪರಾಧ ಎರಡು ಮನೆಗಳ ನಡುವಿನ ಖಾಸಗಿ ವ್ಯವಹಾರವಲ್ಲವೆಂದಿತು. ರಾಜಿ ಮಾಡಿಸುವ ಹಿರಿಯರು ಈ ತೀರ್ಪನ್ನು ಯಾರಿಂದಲಾದರೂ ಓದಿಸಿ ಕೇಳಬೇಕು.

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯ ನಮ್ಮ ಭಾನುವಾರದ ವಾಚನಗಳಲ್ಲಿ ಬರುವುದಿಲ್ಲ. ಅರಸ ದಾವೀದನ ಮಗಳು ತಾಮಾರಳನ್ನು ಆಕೆಯ ಮಲಸಹೋದರ ಅಮ್ನೋನನು ಕೆಡಿಸಿದ ಕಥೆ ಅದು. ಕೆಡಿಸಿದ ಮೇಲೆ ಅವನು ಆಳನ್ನು ಕರೆದು ಅವಳನ್ನು ಹೊರಗೆ ತಳ್ಳಿಸಿ ಬಾಗಿಲಿಗೆ ಅಗುಳಿ ಹಾಕಿಸುತ್ತಾನೆ. ಸ್ವಂತ ಅಣ್ಣ ಅಬ್ಷಾಲೋಮನು ಸುಮ್ಮನಿರೆಂದು ಸಮಾಧಾನ ಹೇಳುತ್ತಾನೆ. ತಂದೆಗೆ ಕೋಪ ಬರುತ್ತದೆ, ಆದರೆ ಏನೂ ಮಾಡುವುದಿಲ್ಲ. ಹುಡುಗಿ ಅಣ್ಣನ ಮನೆಯಲ್ಲಿ ಬಾಡಿಹೋಗುತ್ತಾಳೆ. ಹಿಂಸಿಸಿದವನು ಒಳಗೆ, ಹಿಂಸೆಗೊಳಗಾದವಳು ಹೊರಗೆ, ನಡುವೆ ಅಗುಳಿ. ನಾವು ಸಹಿ ಹಾಕುವ ಶಿಫಾರಸು ಪತ್ರಗಳಿಗೂ ಆ ಅಗುಳಿಗೂ ವ್ಯತ್ಯಾಸ ಹುಡುಕಲು ನಾನು ಬಹಳ ಸಲ ಪ್ರಯತ್ನಪಟ್ಟಿದ್ದೇನೆ.

ಕಥೋಲಿಕರಾದ ನಾವು ಈ ವಿಷಯದಲ್ಲಿ ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳ ಗುಡಿಸಬೇಕು. ಕೊಡಗಿನ ಗಡಿಯಾಚೆಯ ಕೊಟ್ಟಿಯೂರಿನಲ್ಲಿ 2017ರಲ್ಲಿ ಬೆಳಕಿಗೆ ಬಂದ ಪ್ರಕರಣ ನೆನಪಿರಬಹುದು. ಧರ್ಮಕೇಂದ್ರದ ಗುರುವೇ ಅಪರಾಧಿ, 16ರ ಹುಡುಗಿ ತಾಯಿಯಾದಳು, ಅವಳ ತಂದೆಯಿಂದಲೇ ತಾನು ಆ ಕೃತ್ಯ ಮಾಡಿದೆನೆಂದು ಮೊದಲು ಹೇಳಿಸಲಾಗಿತ್ತು. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ನ್ಯಾಯಾಲಯ ಆ ಗುರುವಿಗೆ 20 ವರ್ಷದ ಸೆರೆ ವಿಧಿಸಿತು. ಉಳಿದ ಆರೋಪಿಗಳ ಮೇಲಿನ ಆರೋಪಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಆಗ ನೆರೆಯ ವಯನಾಡಿನ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರಾಗಿದ್ದವರೂ ಒಬ್ಬ ಗುರು, ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. ರಕ್ಷಣೆಯ ಪೀಠದಲ್ಲಿ ನಮ್ಮವರನ್ನು ಕೂರಿಸಿದ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷ್ಯ ಬೇಡ.

2012ರ ಪೋಕ್ಸೊ ಕಾನೂನಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾವ ವ್ಯಕ್ತಿಯೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆಯಾಗಬಹುದು. ತನ್ನ ಕೈಕೆಳಗಿನವನ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ವಸತಿನಿಲಯದ ಮೇಲ್ವಿಚಾರಕರಿಗೆ ಇದರಲ್ಲಿ ರಿಯಾಯಿತಿಯಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ 2023ರಲ್ಲಿ ಶಾಶ್ವತಗೊಳಿಸಿದ ಶಾಸನವೂ, ನಾಡಿನ ಕಾನೂನು ವಿಧಿಸುವ ವರದಿಯ ಕರ್ತವ್ಯಕ್ಕೆ ಧರ್ಮಸಭೆಯ ನಿಯಮಗಳು ಅಡ್ಡಿಯಾಗಬಾರದೆಂದೇ ಹೇಳುತ್ತದೆ. ಪಾಪನಿವೇದನೆಯ ಗೋಪ್ಯದ ಪ್ರಶ್ನೆಯನ್ನು ಇಲ್ಲಿ ಎಳೆದು ತರುವವರಿಗೆ ಒಂದೇ ಮಾತು: ನಾನು ಕಂಡ ಸಂದರ್ಭಗಳಲ್ಲಿ ವಿಷಯ ತಿಳಿದುದು ಪಾಪನಿವೇದನೆಯ ಪೀಠದಲ್ಲಲ್ಲ, ಕಚೇರಿಯ ಮೇಜಿನ ಮುಂದೆ.

ಮಗುವಿನ ಹೆಸರು ಹೊರಬೀಳುತ್ತದೆಂಬ ಅಂಜಿಕೆ ಸುಳ್ಳಲ್ಲ. 2024ರ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯಲ್ಲೇ ನೊಂದ ಹೆಂಗಸರ ವಿಡಿಯೋಗಳು ಪೆನ್‌ಡ್ರೈವಿನಲ್ಲಿ ಹಂಚಿಕೆಯಾದುದನ್ನು ನೋಡಿದ ಮೇಲೆ ಯಾವ ತಾಯಿಗೆ ತಾನೇ ಧೈರ್ಯ ಬರುತ್ತದೆ? ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮಗಳು ಪ್ರಕಟಿಸಬಾರದೆಂದು ಪೋಕ್ಸೊದ 23ನೆಯ ಪ್ರಕರಣ ಹೇಳುತ್ತದೆ. ಮಹಿಳಾ ಅಧಿಕಾರಿ ಸಮವಸ್ತ್ರವಿಲ್ಲದೆ ಮಗುವಿನ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿರಿಸಬಾರದು, ನ್ಯಾಯಾಲಯದಲ್ಲಿ ಮಗು ಆರೋಪಿಯ ಕಣ್ಣಿಗೆ ಬೀಳಬಾರದು ಎಂಬ ನಿಯಮಗಳೂ ಇವೆ. ನಿಯಮವನ್ನು ಮುರಿಯುವವರು ಬಹುಪಾಲು ಪತ್ರಿಕೆಯವರಲ್ಲ. ‘ಯಾರಿಗೂ ಹೇಳಬೇಡಿ’ ಎಂದು ಪಿಸುಗುಟ್ಟುತ್ತ ಮನೆಯಿಂದ ಮನೆಗೆ ಹೋಗುವ ನಾವು.

1874ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಎಟ್ಟಾ ವ್ಹೀಲರ್ ಎಂಬ ಮೆಥಡಿಸ್ಟ್ ಸಭೆಯ ಸೇವಕಿ ಬಡವರ ಮನೆಗಳಿಗೆ ಭೇಟಿ ಕೊಡುತ್ತಿದ್ದಾಗ ಮೇರಿ ಎಲೆನ್ ಎಂಬ ಹತ್ತರ ಆಸುಪಾಸಿನ ಬಾಲೆಯ ಸಂಗತಿ ಕಿವಿಗೆ ಬಿತ್ತು. ಸಾಕುತಾಯಿ ದಿನವೂ ಹೊಡೆಯುತ್ತಿದ್ದಳು, ಕತ್ತರಿಯಿಂದ ಮುಖ ಕೊಯ್ದಿದ್ದಳು. ಎಟ್ಟಾ ಬಾಗಿಲಿಂದ ಬಾಗಿಲಿಗೆ ಅಲೆದಳು. ಎಲ್ಲರೂ ಸಾಕ್ಷ್ಯ ಕೇಳಿದರು. ಕಡೆಗೆ ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಕಿವಿಗೊಟ್ಟರು, ಅವರ ವಕೀಲರು ನ್ಯಾಯಾಧೀಶರಿಂದ ಆಜ್ಞಾಪತ್ರ ತಂದು ಮಗುವನ್ನು ಬಿಡಿಸಿದರು. (ಮಗುವನ್ನು ಪ್ರಾಣಿಯೆಂದು ವಾದಿಸಿ ಬಿಡಿಸಿದರೆಂಬುದು ದಂತಕಥೆ.) ಸಾಕುತಾಯಿಗೆ ಒಂದು ವರ್ಷ ಸೆರೆಯಾಯಿತು. ನನಗೆ ಮುಖ್ಯವೆನಿಸುವುದು ಆಮೇಲಿನದು. ಬಿಡಿಸಿದ ಮಗುವನ್ನು ಒಂದು ಸಂಸ್ಥೆಗೆ ಸೇರಿಸಿದರು. ಎಟ್ಟಾ ಅದಕ್ಕೂ ಒಪ್ಪಲಿಲ್ಲ. ಮಗುವಿಗೆ ಮನೆ ಬೇಕೆಂದು ಹಠ ಹಿಡಿದು, ಹಳ್ಳಿಯಲ್ಲಿದ್ದ ತನ್ನ ತಾಯಿಯ ಬಳಿಗೆ ಕಳುಹಿಸಿದಳು. ತಾಯಿ ತೀರಿಕೊಂಡ ಮೇಲೆ ತಂಗಿ ಸಾಕಿದಳು. ಮೇರಿ ಎಲೆನ್ ಮದುವೆಯಾಗಿ, ಹೆಣ್ಣುಮಕ್ಕಳನ್ನು ಬೆಳೆಸಿ, 1956ರವರೆಗೆ ಬಾಳಿದಳು.

ಇಂಗ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಗುವಿನ ಪಾಲನೆಯ ಮಧ್ಯಂತರ ಆದೇಶ ಕೊಡುವ ನ್ಯಾಯಾಲಯವೇ, ಹಿಂಸಿಸಿದವನೆಂದು ಸಂಶಯವಿರುವವನನ್ನು ಮನೆಯಿಂದ ಹೊರಗಿರಿಸುವ ಷರತ್ತನ್ನೂ ಸೇರಿಸಬಹುದೆಂದು 1996ರಲ್ಲಿ ತಮ್ಮ ಮಕ್ಕಳ ಕಾನೂನಿಗೆ ತಿದ್ದುಪಡಿ ತಂದರು. ಮನೆಯಲ್ಲಿ ಉಳಿಯುವ ತಾಯಿಯೋ ಅಜ್ಜಿಯೋ ಮಗುವನ್ನು ನೋಡಿಕೊಳ್ಳಲು ಸಮರ್ಥರಾಗಿದ್ದು, ಷರತ್ತಿಗೆ ಒಪ್ಪಬೇಕು, ಅಷ್ಟೆ. ನಮ್ಮ ಬಾಲನ್ಯಾಯ ಕಾನೂನು 2021ರಲ್ಲಿ ತಿದ್ದುಪಡಿಯಾಯಿತು. ದತ್ತು ಆದೇಶದ ಅಧಿಕಾರ ಜಿಲ್ಲಾಧಿಕಾರಿಗೆ ಹೋಯಿತು. 37ನೆಯ ಪ್ರಕರಣಕ್ಕೆ ಇಂಥ ಒಂದು ವಾಕ್ಯವನ್ನು ಸೇರಿಸಲು ಯಾರಿಗೂ ತೋಚಲಿಲ್ಲ. ಗಂಡು, ಹೆಣ್ಣೆಂಬ ಭೇದವಿಲ್ಲದೆ ಯಾವ ಮಗುವಿನ ಪರವಾಗಿಯೂ ಸಮಿತಿಯೇ ದಂಡಾಧಿಕಾರಿಯಿಂದ ಅಂಥ ಆದೇಶವನ್ನು ಕೇಳುವಂತಾಗಬೇಕು. ನಮ್ಮ ಧರ್ಮಾಧ್ಯಕ್ಷರುಗಳು ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ಶಾಲೆಗಳ ಅನುದಾನದ ಜೊತೆಗೆ ಇದನ್ನೂ ಒಂದು ಬೇಡಿಕೆಯಾಗಿ ಸೇರಿಸಲೆಂದು ನಾನು ಈ ಪುಟಗಳ ಮೂಲಕ ಕೇಳಿಕೊಳ್ಳುತ್ತೇನೆ.

ಕಾನೂನು ತಿದ್ದುವವರೆಗೆ ಕಾಯಬೇಕಾಗಿಲ್ಲ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಮಂಡಳಿ ಮುಂದಿನ ಸಭೆಯಲ್ಲೇ ಮೂರು ದೂರವಾಣಿ ಸಂಖ್ಯೆಗಳನ್ನು ಬರೆದು ಸೂಚನಾ ಫಲಕಕ್ಕೆ ಅಂಟಿಸಲಿ: ತಾಲ್ಲೂಕಿನ ಸಂರಕ್ಷಣಾಧಿಕಾರಿಯದು, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯದು, ಮಕ್ಕಳ ಸಹಾಯವಾಣಿ 1098. ಸಮಿತಿಯ ವಕೀಲರು ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಶುಲ್ಕವಿಲ್ಲದೆ ಅರ್ಜಿ ಬರೆದುಕೊಡುತ್ತಾರೆ. ಹಳೇಬೀಡಿನವರಿಗೆ ಬೇಲೂರು 16 ಕಿಲೋಮೀಟರ್. ವಸತಿನಿಲಯಗಳನ್ನು ನಡೆಸುವ ನಮ್ಮ ಭಗಿನಿಯರು, ಮನೆಯಲ್ಲಿ ‘ತೊಂದರೆ’ಯಿದೆಯೆಂಬ ಕಾರಣಕ್ಕೆ ಮಗುವನ್ನು ಸೇರಿಸಲು ಯಾರಾದರೂ ಪತ್ರ ತಂದರೆ, ತೊಂದರೆಯೇನೆಂದು ಬಿಡಿಸಿ ಕೇಳಲಿ. ಸಂರಕ್ಷಣಾಧಿಕಾರಿಗೆ ತಿಳಿಸಿದ್ದೀರಾ, ಪೊಲೀಸರಿಗೆ ಹೇಳಿದ್ದೀರಾ, ಮನೆಯಲ್ಲಿ ಇನ್ನೂ ಎಷ್ಟು ಮಕ್ಕಳಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಂದ ಮೇಲೆಯೇ ದಾಖಲಾತಿಯ ಪುಸ್ತಕ ತೆರೆಯಲಿ. ಆ ರಾತ್ರಿ ಮಗುವಿಗೆ ಬೇರೆ ಆಸರೆಯಿಲ್ಲದಿದ್ದರೆ ಖಂಡಿತ ಆಸರೆ ಕೊಡಲಿ. ಮರುದಿನ ಬೆಳಿಗ್ಗೆ ಪ್ರಶ್ನೆ ಕೇಳಲಿ.

ಅಂದು ನಮ್ಮನ್ನು ಕರೆಸಿದ್ದ ಮುಖ್ಯೋಪಾಧ್ಯಾಯಿನಿ ಈಗ ನಿವೃತ್ತರಾಗಿದ್ದಾರೆ. ಈ ಲೇಖನ ಬರೆಯುವ ಮೊದಲು ಅವರನ್ನು ಕಂಡು ಬಂದೆ. ನಾವಿಬ್ಬರೂ ಅಕ್ಕನ ವಿಷಯವನ್ನೇ ಮಾತನಾಡಿದೆವು. ಎದ್ದು ಹೊರಡುವಾಗ ಅವರು, ‘ಆ ಚಿಕ್ಕವಳ ಹೆಸರು ಏನಿತ್ತು?’ ಎಂದು ಕೇಳಿದರು. ನನಗೆ ನೆನಪಾಗಲಿಲ್ಲ.